ಹಡಗು ಎಲ್ಲಿಗೆ ಬಂತು

"ಎಲ್ಲಾ ಬದಲಾಯಿಸಿದ್ದೀಯ, ಸರಿ. ಈ ಟಾಫಿ ಯಾಕಮ್ಮ ಹಾಗೇ ಬಿಟ್ಟೆ?"

ಗುಮಾಸ್ತರು ಕನ್ನಡಕವನ್ನು ಹಣೆಗೆ ಏರಿಸಿ, ಕೈಯಲ್ಲಿದ್ದ ಹಾಳೆಯನ್ನು ಮೇಜಿನ ಮೇಲಿಟ್ಟರು. ಅಪರಾಧಶಾಸ್ತ್ರ ಮತ್ತು ಸಮಾಜಶಾಸ್ತ್ರ ವಿಭಾಗದ ಆ ಇಕ್ಕಟ್ಟಾದ ಕಚೇರಿಯಲ್ಲಿ ಬೆಳಗಿನ ಹತ್ತು ಗಂಟೆಗೇ ಸೆಕೆ ಶುರುವಾಗಿತ್ತು. ಪಕ್ಕದ ಸಭಾಂಗಣದಲ್ಲಿ ಕುರ್ಚಿಗಳನ್ನು ಎಳೆಯುವ ಸದ್ದು. ಹನ್ನೊಂದಕ್ಕೆ ಬಹುಮಾನದ ಸಭೆ.

"ಯಾವ ಟಾಫಿ ಸಾರ್?" ಎಂದಳು ಚೀಟಿ.

ಅವಳ ನಿಜವಾದ ಹೆಸರು ಬೇರೆ. ಕಂಡದ್ದನ್ನೆಲ್ಲ ಸಣ್ಣ ಸಣ್ಣ ಚೀಟಿಗಳಲ್ಲಿ ಗೀಚಿ ಪುಸ್ತಕದಲ್ಲೋ, ಜೇಬಿನಲ್ಲೋ, ಅವಸರದಲ್ಲಿ ಜಡೆಯ ಪಿನ್ನಿನಲ್ಲೋ ಸಿಕ್ಕಿಸಿಕೊಳ್ಳುತ್ತಿದ್ದುದರಿಂದ ವಿಭಾಗದವರಿಗೆಲ್ಲ ಅವಳು ಚೀಟಿಯೇ ಆಗಿಹೋಗಿದ್ದಳು. ಪ್ರತಿವರ್ಷ ಅಂತಿಮ ವರ್ಷದವರಲ್ಲಿ ಇಬ್ಬರನ್ನು ಆರಿಸುವುದು ಅಲ್ಲಿನ ಪದ್ಧತಿ. ಇಬ್ಬರೂ ತಮ್ಮ ಪ್ರಬಂಧದ ಒಂದೊಂದು ಪುಟ ಓದಬೇಕು. ಯಾವ ಪುಟ ಎಂಬುದನ್ನು ಮುಖ್ಯಸ್ಥರು ಗುರುತು ಹಾಕಿ ಕೊಡುತ್ತಾರೆ. ಕೇಳಿದ ಅತಿಥಿಗಳು ಒಬ್ಬರನ್ನು ಆರಿಸುತ್ತಾರೆ. ಗೆದ್ದವರಿಗೆ ವಿಭಾಗದಲ್ಲೇ ಒಂದು ವರ್ಷ ಸಂಶೋಧಕರ ಜಾಗ ಸಿಗುತ್ತದೆ. ಸೋತರೆ ಚೀಟಿಗೆ ಚಿಕ್ಕಪ್ಪನ ಔಷಧಿ ಅಂಗಡಿ ಕಾದಿತ್ತು.

ಅವಳ ಪ್ರಬಂಧ ಜೈಲಿನ ಹೊರಗೆ ಕಾಯುವವರ ಕುರಿತಾದದ್ದು. ಮಗನನ್ನೋ ಗಂಡನನ್ನೋ ನೋಡಲು ಸಾಲಿನಲ್ಲಿ ನಿಲ್ಲುವ ಹತ್ತೊಂಬತ್ತು ಹೆಂಗಸರ ಮಾತುಗಳನ್ನು ಅವಳು ಎಂಟು ತಿಂಗಳು ಬರೆದುಕೊಂಡಿದ್ದಳು. "ಹೆಸರು, ವಯಸ್ಸು, ಕಸುಬು, ಊರು. ಈ ನಾಲ್ಕನ್ನು ಬದಲಾಯಿಸಿದರೆ ಹೆತ್ತವರಿಗೂ ಗುರುತು ಸಿಗೋದಿಲ್ಲ" ಎಂದು ಮುಖ್ಯಸ್ಥರು ಪಾಠ ಹೇಳುತ್ತಿದ್ದರು. ಚೀಟಿ ನಾಲ್ಕನ್ನೂ ಬದಲಾಯಿಸಿದ್ದಳು. ಏಳನೆಯ ತಾಯಿಯನ್ನು ದರ್ಜಿ ಎಂದು ಬರೆದಿದ್ದಳು. ವಾಸ್ತವದಲ್ಲಿ ಆಕೆ ಇದೇ ವಿಭಾಗದ ಅಟೆಂಡರ್. ಎಲ್ಲರೂ ದೊಡ್ಡಮ್ಮ ಎಂದು ಕರೆಯುವ, ಬೀಗದ ಕೈಗೊಂಚಲನ್ನು ಸೊಂಟದಿಂದ ಇಳಿಸದ ಹೆಂಗಸು. ಸಾಲಿನಲ್ಲಿ ಅವಳನ್ನು ಮೊದಲ ಸಲ ಕಂಡ ದಿನ ಇಬ್ಬರೂ ಬೆಚ್ಚಿದ್ದರು. "ಹೆಸರು ಮಾತ್ರ ಬರೀಬೇಡ ಮಗಳೇ" ಎಂದಿದ್ದಳು ದೊಡ್ಡಮ್ಮ. ಜಗಳವೊಂದರಲ್ಲಿ ಅವಳ ಮಗ ಹೊಡೆದ ಏಟಿಗೆ ಬಿದ್ದವನು ಮತ್ತೆ ಏಳಲಿಲ್ಲ ಎಂಬುದನ್ನೂ ಅಂದೇ ಹೇಳಿದ್ದಳು.

ಗುಮಾಸ್ತರು ಹಾಳೆಯನ್ನು ಅವಳ ಕಡೆ ತಿರುಗಿಸಿ ಬೆರಳಿಟ್ಟರು. ಮುಖ್ಯಸ್ಥರ ಕೆಂಪು ಗೆರೆ ಬಿದ್ದಿದ್ದ ಸಾಲುಗಳು ಅವು:

'ಮಗ ಹಡಗಿನಲ್ಲಿ ಕೆಲಸಕ್ಕಿದ್ದಾನೆ ಎಂದು ಆಕೆ ಕೆಲಸದ ಜಾಗದಲ್ಲಿ ಹೇಳಿದ್ದಾಳೆ. ಪ್ರತಿವರ್ಷ ಅವನ ಹುಟ್ಟಿದ ದಿನ ಹಸಿರು ಕಾಗದದ ಟಾಫಿ ಕೊಂಡು, ಮಗ ಕಳಿಸಿದ್ದೆಂದು ಹಂಚುತ್ತಾಳೆ. ಉಳಿದದ್ದನ್ನು ಇಲ್ಲಿ ಸಾಲಿನಲ್ಲಿ ನಿಂತವರಿಗೆ ಕೊಡುತ್ತಾಳೆ. ಇಲ್ಲಿ ಮಾತ್ರ ತಾನೇ ಕೊಂಡದ್ದು ಎನ್ನುತ್ತಾಳೆ.'

"ಈ ಟಾಫೀನ ನಾವು ಆರು ವರ್ಷದಿಂದ ತಿಂತಾ ಇದೀವಿ" ಎಂದರು ಗುಮಾಸ್ತರು.

ಚೀಟಿಗೆ ಅದು ಹೊಳೆದೇ ಇರಲಿಲ್ಲ. ಆ ಹುಟ್ಟಿದ ದಿನ ಬರುವುದು ಪರೀಕ್ಷೆಯ ರಜೆಯಲ್ಲಿ. ಆಗ ಸಿಬ್ಬಂದಿಯ ಹೊರತು ಇಲ್ಲಿ ಯಾರೂ ಇರುವುದಿಲ್ಲ. ಅವಳು ತಿಂದದ್ದು ಜೈಲಿನ ಗೋಡೆಯ ನೆರಳಿನಲ್ಲಿ.

"ಹಾಗಾದ್ರೆ... ನಿಮಗೆಲ್ಲ ಈಗ ಗೊತ್ತಾಗಿಹೋಯ್ತು."

"ಈಗಲ್ಲ, ಮೊದಲ ವರ್ಷವೇ ಗೊತ್ತಾಯ್ತು. ರಜೆ ಅರ್ಜಿ ನೋಡೋನು ನಾನಲ್ವಾ? ತಿಂಗಳಿಗೆ ಎರಡು ಸಲ ಅರ್ಧ ದಿನ. ಅವರು ಹತ್ತೋ ಬಸ್ಸು ಜೈಲು ಬಿಟ್ಟು ಬೇರೆಲ್ಲಿಗೂ ಹೋಗಲ್ಲ." ಗುಮಾಸ್ತರು ದನಿ ತಗ್ಗಿಸಿದರು. "ಯಾರೂ ಬಾಯಿ ಬಿಡಲಿಲ್ಲ. ಹಡಗು ಎಲ್ಲಿಗೆ ಬಂತು ಅಂತ ಕೇಳ್ತೀವಿ, ಅವರು ಹೇಳ್ತಾರೆ, ಅಷ್ಟೇ. ಒಂದ್ಸಲ ಪಾಪ, ಹಡಗನ್ನ ತಗೊಂಡುಹೋಗಿ ಮರಳುಗಾಡಿನ ಮಧ್ಯೆ ನಿಲ್ಲಿಸಿಬಿಟ್ಟರು. ಯಾರಾದ್ರೂ ನಕ್ಕರಾ? ಇಲ್ಲ. ಮಾರನೇ ದಿನ ಲೈಬ್ರರಿಯವರು ಹಳೇ ಭೂಪಟ ತಂದು ಅವರ ಸ್ಟೂಲಿನ ಎದುರಿಗೆ ನೇತುಹಾಕಿದರು. ಗೋಡೆ ಬಿರುಕು ಕಾಣುತ್ತೆ, ಮುಚ್ಚೋಣ ಅಂತ ನೆಪ."

"ಮುಖ್ಯಸ್ಥರಿಗೆ ಗೊತ್ತಿಲ್ವಾ?"

"ಅವರಿಗೆ ಸಕ್ಕರೆ ಕಾಯಿಲೆ. ಟಾಫಿ ತಗೊಂಡು ಡ್ರಾಯರಿಗೆ ಹಾಕ್ತಾರೆ. ತಿಂದಿದ್ರೆ ನೆನಪಿರ್ತಿತ್ತು." ಗುಮಾಸ್ತರು ಹಾಳೆಯನ್ನು ಮಡಚಿ ಅವಳ ಕೈಗಿತ್ತರು. "ಇಷ್ಟು ಜನರ ಮುಂದೆ ಇದನ್ನ ಓದಿದ್ರೆ, ನಮಗೆ ಗೊತ್ತು ಅಂತ ದೊಡ್ಡಮ್ಮನಿಗೆ ಗೊತ್ತಾಗುತ್ತೆ. ಆಮೇಲೆ ಆ ಹೆಂಗಸು ನಾಳೆ ಯಾವ ಮುಖ ಇಟ್ಕೊಂಡು ಬೀಗ ತೆಗೀಬೇಕು, ಹೇಳು?"

ಚೀಟಿ ಮುಖ್ಯಸ್ಥರ ಕೋಣೆಗೆ ಓಡಿದಳು. ಬೇರೆ ಪುಟ ಓದಲೇ ಎಂದು ಕೇಳಿದಳು. ಏಕೆ ಎಂದು ಹೇಳಲಾಗಲಿಲ್ಲ. ಹೇಳಿದರೆ ಅದೂ ಬಯಲು ಮಾಡಿದಂತೆಯೇ.

"ಹುಚ್ಚಾ ನಿನಗೆ? ಇಡೀ ಪ್ರಬಂಧದಲ್ಲಿ ಜೀವ ಇರೋದೇ ಆ ಪುಟದಲ್ಲಿ. ನಾಲ್ಕೂ ಬದಲಾಯಿಸಿದ್ದೀಯಲ್ಲ, ಮತ್ತೇನು? ಹೋಗು, ಮುಖ ತೊಳ್ಕೊಂಡು ಬಾ."

ಸಭಾಂಗಣದ ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದಳು. ಪೆಟ್ಟಿಗೆಯಲ್ಲಿ ಎತ್ತಿಟ್ಟಿದ್ದ ಬಟ್ಟೆ ಉಟ್ಟಿದ್ದಳು, ಮಡಿಕೆಯ ಗೆರೆ ಇನ್ನೂ ಮಾಸಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಬಾಚಿದ್ದಳು. ಚೀಟಿಯ ಜಡೆಯಿಂದ ಒಂದು ಕಾಗದದ ಚೂರನ್ನು ಬಿಡಿಸಿ ತೆಗೆದು, "ಇದನ್ನ ಸಿಕ್ಕಿಸಿಕೊಂಡೇ ವೇದಿಕೆ ಹತ್ತುತ್ತಿದ್ಯಾ?" ಎಂದು ಗದರಿದಳು. ನಂತರ ಮೆಲ್ಲಗೆ, "ಜೋರಾಗಿ ಓದು. ಹಿಂದಿನ ಸಾಲಿಗೂ ಕೇಳಿಸ್ಬೇಕು" ಎಂದಳು.

ಮೊದಲು ಓದಿದವನು ಕಂಬ. ಬೀದಿದೀಪಗಳಿಗೂ ಕಳ್ಳತನಕ್ಕೂ ಇರುವ ಸಂಬಂಧ ಅವನ ವಿಷಯ. ಆಳೂ ದೀಪದ ಕಂಬದಷ್ಟೇ ಉದ್ದ. ಚೆನ್ನಾಗಿಯೇ ಓದಿದ. ಅತಿಥಿಯಾಗಿ ಬಂದಿದ್ದ ನಿವೃತ್ತ ನ್ಯಾಯಾಧೀಶೆ ಎರಡು ಸಲ ತಲೆದೂಗಿದರು.

ಚೀಟಿ ಮೈಕಿನ ಮುಂದೆ ನಿಂತಾಗ ಗುಮಾಸ್ತರು ನೆಲ ನೋಡುತ್ತಿದ್ದರು. ಲೈಬ್ರರಿಯವರು ಕಿಟಕಿಯ ಕಡೆ ಮುಖ ಮಾಡಿದ್ದರು. ಬಾಗಿಲಲ್ಲಿ ದೊಡ್ಡಮ್ಮ, ಗೊಂಚಲು ಸದ್ದಾಗದಂತೆ ಅದನ್ನು ಮುಷ್ಟಿಯಲ್ಲಿ ಅಮುಕಿ ಹಿಡಿದಿದ್ದಳು. ಕೆಂಪು ಗೆರೆಯ ಪುಟ ಕೈಯಲ್ಲಿತ್ತು. ಅದನ್ನು ಓದಿದರೆ ಜಾಗ ತನ್ನದೇ ಎಂಬುದು ಚೀಟಿಗೆ ಗೊತ್ತಿತ್ತು. ಅವಳು ಹಾಳೆಯನ್ನು ಅಡಿಗೆ ಸರಿಸಿ ಮುಂದಿನದನ್ನು ಓದತೊಡಗಿದಳು.

'ಭೇಟಿಯ ಸಮಯ ಹತ್ತು ಗಂಟೆಗೆ ಶುರುವಾಗುತ್ತದೆ. ಸಾಲು ಆರಕ್ಕೇ ಶುರುವಾಗುತ್ತದೆ. ಕೊಡುವ ಟೋಕನ್ನುಗಳು ಅರವತ್ತು...'

ಮುಖ್ಯಸ್ಥರು ಕುರ್ಚಿಯಲ್ಲಿ ಎರಡು ಸಲ ಕದಲಿದರು. ನ್ಯಾಯಾಧೀಶೆ ಏನೋ ಬರೆದುಕೊಳ್ಳುತ್ತಿದ್ದವರು ಪೆನ್ನಿಗೆ ಮುಚ್ಚಳ ಹಾಕಿದರು. ಓದು ಮುಗಿದಾಗ ಬಿದ್ದ ಚಪ್ಪಾಳೆ ಮರ್ಯಾದೆಯದ್ದು.

ಜಾಗ ಕಂಬನಿಗೆ ಸಿಕ್ಕಿತು. ಅವನು ಹೂಗುಚ್ಛವನ್ನು ಅಲ್ಲೇ ಬಿಚ್ಚಿ, ಅರ್ಧ ಹೂಗಳನ್ನು ಅವಳ ಕೈಗೆ ತುರುಕಿದ. "ಆ ಪುಟ ಓದಿದ್ರೆ ನಿಂದೇ ಆಗ್ತಿತ್ತು ಕಣೇ. ನನಗೇ ಬೇಜಾರು" ಎಂದ. ಮುಖ್ಯಸ್ಥರು ಹೂವು ಕೊಡಲಿಲ್ಲ. "ಕೈಗೆ ಬಂದ ತುತ್ತು ಬಾಯಿಗೆ ಬರದಿರೋದು ನೋಡಿದ್ದೆ. ಬಾಯಿಗೆ ಬಂದದ್ದನ್ನ ಉಗುಳಿದವಳು ನೀನೊಬ್ಬಳೇ" ಎಂದು ಹೊರಟುಹೋದರು.

ಎಲ್ಲರೂ ಚಹಾಕ್ಕೆ ಹೋದರು. ಚೀಟಿ ಹೋಗಲಿಲ್ಲ. ಸಿಟ್ಟು ಬಂದಿತ್ತು. ಯಾರ ಮೇಲೆಂದು ಹೇಳುವಂತಿರಲಿಲ್ಲ. ಖಾಲಿ ಸಭಾಂಗಣದಲ್ಲಿ ದೊಡ್ಡಮ್ಮ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಚೀಟಿ ಅಲ್ಲೇ ನಿಂತಳು. ಒಂದು ಮಾತು ಬೇಡ, ಒಂದು ನೋಟವಾದರೂ ತನ್ನ ಪಾಲಿಗೆ ಬಂದೀತೆಂದು ಕಾದಳು.

"ಆ ಪುಟ ಯಾಕೆ ಓದಲಿಲ್ಲ?" ದೊಡ್ಡಮ್ಮ ತಿರುಗದೆಯೇ ಕೇಳಿದಳು.

"ಯಾವ..."

"ನನ್ನ ಪುಟ. ಸಾಹೇಬರ ಮೇಜು ಒರೆಸೋವಾಗ ಓದಿದೆ. ಅಕ್ಷರ ಕೂಡಿಸ್ಕೊಂಡು ಓದೋಳು ನಾನು, ಮೂರು ದಿನ ಒರೆಸಿದೆ ಆ ಮೇಜನ್ನ. ದರ್ಜಿ ಅಂತೆ! ನನಗೆ ಒಂದು ಗುಂಡಿ ಹೊಲಿಯೋಕೆ ಬರಲ್ಲ." ಕುರ್ಚಿಯ ಮೇಲೆ ಕುರ್ಚಿ ಸ್ವಲ್ಪ ಜೋರಾಗಿಯೇ ಬಿತ್ತು.

"ನಿಮಗೆ ತೊಂದರೆ ಆಗಬಾರದು ಅಂತ ದೊಡ್ಡಮ್ಮ. ಎಲ್ಲರ ಮುಂದೆ..."

"ಎಲ್ಲರ ಮುಂದೆ ಓದ್ತೀಯ ಅಂತಲೇ ತಲೆ ಬಾಚ್ಕೊಂಡು ಬಂದಿದ್ದೆ." ದೊಡ್ಡಮ್ಮ ಈಗ ತಿರುಗಿದಳು. ಕಣ್ಣು ಒಣಗಿತ್ತು. "ಆರು ವರ್ಷದಿಂದ ಆ ಹಡಗನ್ನ ನಾನೊಬ್ಬಳೇ ಎಳೀತಾ ಇದೀನಿ ಮಗಳೇ. ಗುಮಾಸ್ತರು ಕೇಳ್ತಾರೆ, ಲೈಬ್ರರಿಯವರು ಕೇಳ್ತಾರೆ. ಒಳ್ಳೇ ಜನ. ಅಷ್ಟು ಪ್ರೀತಿಯಿಂದ ಕೇಳೋರಿಗೆ ಸುಳ್ಳು ಅಂತ ಹೆಂಗೆ ಹೇಳಲಿ? ನನ್ನ ಬಾಯಿಂದ ಬರಲ್ಲ. ನೀನು ಓದಿಬಿಟ್ಟಿದ್ರೆ ಮುಗೀತಿತ್ತು. ಸಂಜೆ ಆ ಭೂಪಟ ಸುತ್ತಿ ವಾಪಸ್ ಕೊಟ್ಟುಬಿಡೋಣ ಅಂತಿದ್ದೆ."

ಅವರಿಗೆಲ್ಲ ಗೊತ್ತು ಎಂಬ ಮಾತು ಚೀಟಿಯ ನಾಲಗೆಯ ತುದಿಗೆ ಬಂತು. ಅಷ್ಟರಲ್ಲಿ ಬಾಗಿಲಲ್ಲಿ ಗುಮಾಸ್ತರು ಕಾಣಿಸಿಕೊಂಡರು. ಎರಡು ಕೈಯಲ್ಲೂ ಚಹಾದ ಲೋಟ. ಭಾರ ಇಳಿದವರ ಹಾಗೆ ಮುಖ ಅರಳಿತ್ತು. ಒಂದು ಲೋಟವನ್ನು ಚೀಟಿಗೆ, ಇನ್ನೊಂದನ್ನು ದೊಡ್ಡಮ್ಮನಿಗೆ ಕೊಟ್ಟರು. ಸಕ್ಕರೆ ಹೆಚ್ಚು ಹಾಕಿಸಿದ್ದೇನೆ ಎಂದರು.

"ಮತ್ತೆ ದೊಡ್ಡಮ್ಮ, ಹಡಗು ಎಲ್ಲಿಗೆ ಬಂತು?"

ದೊಡ್ಡಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ತೆರೆದ ಬಾಗಿಲಿನಾಚೆ, ಓಣಿಯ ಗೋಡೆಯ ಮೇಲೆ, ಭೂಪಟದ ನೀಲಿ ಅಂಚು ಕಾಣುತ್ತಿತ್ತು. ಅವಳು ಒಮ್ಮೆ ಅದನ್ನು, ಒಮ್ಮೆ ಚೀಟಿಯನ್ನು ನೋಡಿದಳು.

"ಮೊನ್ನೆ ಬಂದರು ಬಿಟ್ಟಿದೆ ಸಾರ್" ಎಂದಳು. "ಇನ್ನು ಹದಿನೈದು ದಿನ ನೀರೇ ನೀರು."

"ಗಾಳಿ ಚೆನ್ನಾಗಿರಲಿ" ಎಂದು ಗುಮಾಸ್ತರು ಹೊರಟುಹೋದರು.

ಚಹಾ ಮುಗಿಸಿ ದೊಡ್ಡಮ್ಮ ಗೋಡೆಯ ಪಕ್ಕದ ಉದ್ದನೆಯ ಬೆಂಚಿಗೆ ಕೈ ಹಾಕಿದಳು. ಒಬ್ಬರಿಂದ ಏಳುವ ಬೆಂಚಲ್ಲ ಅದು. ಚೀಟಿ ಹೂಗಳನ್ನು ಕಿಟಕಿಯಲ್ಲಿಟ್ಟು ಬಂದು ಇನ್ನೊಂದು ತುದಿ ಹಿಡಿದಳು. ದೊಡ್ಡಮ್ಮ ಬೇಡ ಎನ್ನಲಿಲ್ಲ. ಸೊಂಟದ ಗೊಂಚಲು ಹೆಜ್ಜೆ ಹೆಜ್ಜೆಗೂ ಸದ್ದು ಮಾಡುತ್ತಿರಲು, ಅವಳು ಹಿಂದುಹಿಂದಕ್ಕೆ ನಡೆಯುತ್ತ, ಬಾಗಿಲಿನ ಕಡೆಗೆ ಅದನ್ನು ಮೆಲ್ಲಗೆ ಎಳೆದುಕೊಂಡು ಹೋದಳು.