ಮೊಳೆ ಇಲ್ಲದ ವಠಾರ

ಮಾಂತೇಶ ಗೋಡೆಗೆ ಮೊಳೆ ಹಿಡಿದು ಸುತ್ತಿಗೆ ಎತ್ತಿದವನು ಹಾಗೆಯೇ ನಿಂತುಬಿಟ್ಟ. ಕೆಳಗೆ ಚಾಪೆಯ ಮೇಲೆ ಅವನ ತಾಯಿ ಬೋರವ್ವನ ಹೆಣ. ಪದ್ಧತಿಯಂತೆ ಹೆಣವನ್ನು ಮೈ ಸೆಟೆಯುವುದರೊಳಗೆ ಗೋಡೆಗೆ ಆನಿಸಿ ಕೂಡ್ರಿಸಬೇಕು, ತಲೆ ವಾಲದಂತೆ ಬಟ್ಟೆ ಕಟ್ಟಿ ಮೊಳೆಗೆ ಬಿಗಿಯಬೇಕು. ಬೋರವ್ವನ ವಠಾರದ ಗೋಡೆಗಳಿಗೆ ಕಿವಿ ಇದ್ದರೂ ಇದ್ದಾವು, ಮೊಳೆ ಮಾತ್ರ ಇರಲಿಲ್ಲ. ಬನಹಟ್ಟಿಗೆ ಮಗ್ಗದ ಕೆಲಸಕ್ಕೆ ಬಂದು ಬಾಡಿಗೆ ಹಿಡಿದವರಿಗೆ ಅವಳು ಕೀಲಿಗಿಂತ ಮೊದಲು ಕೊಡುತ್ತಿದ್ದದ್ದು ಒಂದೇ ಮಾತು: "ಗ್ವಾಡಿಗೆ ಮೊಳಿ ಹೊಡಿಬ್ಯಾಡ್ರಿ." ಅಂಗಿ ಹಗ್ಗಕ್ಕೆ, ದೇವರ ಪಟ ನೆಲಕ್ಕೆ.

"ನನ್ನ ಕೈಲೆ ಆಗವಲ್ದು," ಎಂದು ಮಾಂತೇಶ ಸುತ್ತಿಗೆ ಇಳಿಸಿದ. "ಜೀವ ಇರೂತನಕ ಈ ಗ್ವಾಡಿ ಕಾಯ್ದಾಳ. ಇವತ್ತ ಆಕಿ ತಲಿ ಮ್ಯಾಲೆ ಹೊಡಿಲೇನ್ರಿ?"

ಬಾಗಿಲಲ್ಲಿ ಕೊನೆಯ ಬಾಡಿಗೆ ಖೋಲಿಯ ನಂದಾ ನಿಂತಿದ್ದಳು. ಅವಳ ಖೋಲಿಯಲ್ಲಿ ಒಂದು ಮೊಳೆ ಇತ್ತು. ಹೇಳೋಣವೆಂದರೆ ಎದುರಿಗೇ ಮಹಾಲಿಂಗ ಕೂತಿದ್ದ. ಹಿಂದೊಮ್ಮೆ ಮೊಳೆ ಹೊಡೆದ ತಪ್ಪಿಗೆ ಬೋರವ್ವ ಹೆಂಡತಿ ಮಕ್ಕಳ ಸಮೇತ ಖೋಲಿ ಬಿಡಿಸಿದ್ದವನು. ಆದರೂ ಸುದ್ದಿ ಕೇಳಿದ್ದೇ ಮಗ್ಗ ನಿಲ್ಲಿಸಿ ಓಡಿ ಬಂದಿದ್ದ.

* * *

ನಂದಾಳ ಗಂಡ ತೀರಿದ ಮೇಲೆ ಅವನ ಫೋಟೊ ಜೋಳದ ಚೀಲಕ್ಕೆ ಒರಗಿ ನಿಂತಿತ್ತು. ಮಾತಾಡಿಸಲು ಬಂದ ಬೋರವ್ವ ಅದನ್ನು ನೋಡಿದವಳೇ ಎದ್ದು ಹೋದಳು. ಮರಳಿ ಬಂದಾಗ ಸೆರಗಿನಡಿ ಸುತ್ತಿಗೆ ಇತ್ತು. ಸುತ್ತಲಿನ ಮಗ್ಗಗಳು ಜೋರಾಗಿ ಬಡಿಯುವ ಹೊತ್ತು ನೋಡಿ, ಆ ಸದ್ದಿನಲ್ಲಿ ತಾನೇ ಮೊಳೆ ಹೊಡೆದಳು.

"ಅಂವ ಹಿಂಗ ನೆಲದ ಮ್ಯಾಲೆ ಕುಂತದ್ದ ನೋಡಾಕ ಆಗವಲ್ದವ್ವಾ. ಯಾರ ಮುಂದೂ ಹೇಳಬ್ಯಾಡ. ಮಹಾಲಿಂಗ್ಗ ತಿಳದ್ರ ನಾ ಯಾವ ಮಾರಿ ತೋರಿಸ್ಲಿ?"

* * *

ಯಾರಿಗೂ ಹೇಳೆನೆಂದು ನಂದಾ ಅಂದು ಮಾತು ಕೊಟ್ಟಿದ್ದಳು. ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು ಹೊತ್ತಾಯಿತೆಂದು ಅವಸರಪಡಿಸಿದರು. ಇಬ್ಬರು ಎತ್ತಿ ಕೂಡ್ರಿಸಿ ಹಿಡಿದರೂ ಬೋರವ್ವನ ಕುತ್ತಿಗೆ ಒಂದು ಕಡೆ ಜೋತುಬಿತ್ತು. ಅದನ್ನು ನೋಡಲಾರದೆ ನಂದಾ ಬಾಯಿಬಿಟ್ಟಳು.

"ನನ್ನ ಖೋಲ್ಯಾಗ ಒಂದ ಮೊಳಿ ಐತ್ರಿ. ಅವ್ವಾರ ಹೊಡದದ್ದು."

ಎಲ್ಲರೂ ಮಹಾಲಿಂಗನ ಮುಖ ನೋಡಿದರು. ಅವನು ಎದ್ದು ಕೊನೆಯ ಖೋಲಿಗೆ ನಡೆದ. ನಂದಾ ಅಳುಕುತ್ತಲೇ ಹಿಂದೆ ಹೋದಳು. ಫೋಟೊ ಅವನೇ ಇಳಿಸಿ ಅವಳ ಕೈಗೆ ಕೊಟ್ಟ. ಮೊಳೆ ಹಿಡಿದು ಅಲುಗಿಸಿ ನೋಡಿದ.

"ಮುದುಕಿ ಗಟ್ಟಿ ಹೊಡದಾಳ," ಎಂದ. ದನಿ ಒಡೆದಿತ್ತು. "ತಗೊಂಬರ್ರಿ ಆಕಿನ್ನ."

ಮಾಲಕಿಯನ್ನು ಎತ್ತಿ ತಂದು ಬಾಡಿಗೆಯವಳ ಖೋಲಿಯಲ್ಲಿ ಕೂಡ್ರಿಸಿದರು. ಬಟ್ಟೆಯ ಗಂಟನ್ನು ಮೊಳೆಗೆ ಮಹಾಲಿಂಗನೇ ಬಿಗಿದ. ಹೊರಗೆ ಭಜನೆ ಶುರುವಾಯಿತು. ನಂದಾ ಗಂಡನ ಫೋಟೊವನ್ನು ಸೆರಗಿನಿಂದ ಒರೆಸಿ, ಬೋರವ್ವನ ಪಕ್ಕದಲ್ಲಿ ಜೋಳದ ಚೀಲಕ್ಕೆ ಒರಗಿಸಿ ಇಟ್ಟಳು.