ತಾಟಿನ ಸುತ್ತ ಎಡಗೈ

ಕುಡಗೋಲಿನಿಂದ ಬ್ಯಾನರಿನ ಒಂದು ಹಗ್ಗ ಕೊಯ್ದ ಸಂಘಮಿತ್ರಾ ಇನ್ನೊಂದಕ್ಕೆ ಕೈಚಾಚುವಷ್ಟರಲ್ಲಿ ಮೈದುನ ಪ್ರತಾಪ ಓಡಿಬಂದು ಅವಳು ನಿಂತಿದ್ದ ಸ್ಟೂಲನ್ನು ಹಿಡಿದುಕೊಂಡ.

“ವೈನಿ, ಇಳೀರಿ ಕೆಳಗ. ಸಾವಿಗಿ ಬಂದ ಮಂದಿ ನೋಡಾಕತ್ತಾರ.”

“ನೋಡ್ಲಿ. ಸುಳ್ಳ ತೂಗಹಾಕಿದ್ದು ನೋಡ್ಯಾರ, ಹರದು ಹಾಕಿದ್ದೂ ನೋಡ್ಲಿ.”

ಬಬಲೇಶ್ವರದ ಆ ಓಣಿಯ ಬಾಯಿಗೆ ಅಡ್ಡಲಾಗಿ ಈಗ ಓರೆಯಾಗಿ ಜೋತಿದ್ದ ಬ್ಯಾನರಿನಲ್ಲಿ ಅವಳ ಗಂಡ ದೇವಾನಂದ ಜರಿಯಂಚಿನ ಪೇಟ ಸುತ್ತಿಕೊಂಡು, ಗದ್ದ ಮುಳುಗುವಷ್ಟು ಹಾರ ಹೊತ್ತು ನಗುತ್ತಿದ್ದ. ಕೆಳಗೆ ದಪ್ಪಕ್ಷರಗಳಲ್ಲಿ ‘ಸಹಾಯಕ ನಿರ್ದೇಶಕರು’ ಎಂದಿತ್ತು. ಆ ಹುದ್ದೆಯನ್ನು ತಾನಾಗಿ ಬಿಟ್ಟುಕೊಟ್ಟು ದೇವಾನಂದ ಟಿಕೋಟಾದ ಪ್ರೌಢಶಾಲೆಗೆ ವಿಜ್ಞಾನದ ಮಾಸ್ತರನಾಗಿ ಮರಳಿ ವರ್ಷಗಳೇ ಆಗಿದ್ದವು. ನಿನ್ನೆ ಮಧ್ಯಾಹ್ನ ಎದೆ ಹಿಡಿದುಕೊಂಡು ಕುಸಿದು ಜೀವ ಬಿಟ್ಟದ್ದೂ ಅದೇ ಶಾಲೆಯ ಪಡಸಾಲೆಯಲ್ಲಿ.

“ಸುಳ್ಳೇನೈತ್ರಿ ಅದರಾಗ? ಅಣ್ಣ ಆ ಕುರ್ಚಿ ಮ್ಯಾಲ ಕುಂತಿದ್ದು ಖರೇ ಅಲ್ಲೇನು?”

“ಕುಂತಿದ್ದೂ ಖರೇ, ಎದ್ದು ಬಂದಿದ್ದೂ ಖರೇ. ಎದ್ದು ಬಂದಿದ್ದು ಯಾಕ ಹಾಕಿಸಲಿಲ್ಲ?”

ಪ್ರತಾಪ ದನಿ ತಗ್ಗಿಸಿದ. “ಈ ಓಣ್ಯಾಗ ಮೊದಲನೇ ಆಫೀಸರ್ರೀ ಅಂವ. ಇಂಥ ಮಂದಿಗಿ ಕುರ್ಚಿ ಕೊಟ್ಟರ ಪಚನ ಆಗೂದಿಲ್ಲ ಅಂತ ನಗಾಕ ಊರ ಕಾದು ಕುಂತೈತಿ. ಹುಚ್ಚರ ಡಾಕ್ಟರ್ ಹಂತ್ಯಾಕ ಹೋಗಿ ಕುರ್ಚಿ ಬಿಟ್ಟ ಅಂತ ನಾನ ಡಂಗುರ ಸಾರಲೇನು? ಆ ಸ್ಟೇಷನ್ ರಸ್ತೆ ಸಾದಿಕ ಬ್ಯಾರೆ ಬಂದಾನ. ಅಂವ ಯಾರಂತ ಯಾರ ಮುಂದೂ ಅನಬ್ಯಾಡ್ರಿ, ಕೈ ಮುಗೀತೇನಿ.”

ಬೇವಿನ ಮರದ ಬುಡದಲ್ಲಿ ಸಾದಿಕ ಒಂಟಿಯಾಗಿ ನಿಂತಿದ್ದ. ಮನಸ್ಸಿನ ಬೇನೆಗೆ ಮಾತಿನಿಂದಲೇ ಚಿಕಿತ್ಸೆ ಮಾಡುವವನು. ಔಷಧದ ಡಾಕ್ಟರನೂ ಅಲ್ಲ. ಸಂಘಮಿತ್ರಾ ಹತ್ತಿರ ಹೋದಾಗ ಅವನು ಕೈಜೋಡಿಸಿದ.

“ಕೇಳಿದವರಿಗಿ ಪರಿಚಯದಾಂವ ಅಂತಷ್ಟ ಹೇಳೇನ್ರಿ. ಸರ್ ಹೇಳಿದ್ದು ಸರ್ ಜೋಡಿನ ಹೋಗ್ತೈತಿ.”

ಅವಳಿಗೆ ಮೈಯೆಲ್ಲ ಉರಿಯಿತು. ಕಾಲು ಮುರಿದವನ ಊರುಗೋಲನ್ನು ಯಾರೂ ಬಚ್ಚಿಡುವುದಿಲ್ಲ. ಈ ಮನುಷ್ಯನನ್ನು ಮಾತ್ರ ಕದ್ದ ಮಾಲಿನಂತೆ ಮರದ ಮರೆಯಲ್ಲಿ ನಿಲ್ಲಿಸಿದ್ದಾರೆ.

*

ಪೇಟದ ಆ ಫೋಟೋ ತೆಗೆದ ದಿನ ಓಣಿಯ ತುಂಬ ಹಲಗೆ ಬಡಿದಿದ್ದರು. ಸತ್ಕಾರ ಮುಗಿಸಿಕೊಂಡು ಇಬ್ಬರೂ ವಿಜಯಪುರದ ಮನೆಗೆ ಮರಳಿದಾಗ ಹೊತ್ತು ಇಳಿಯುತ್ತಿತ್ತು. ದೇವಾನಂದ ಉಣ್ಣಲು ಕುಳಿತ. ಎಂದಿನಂತೆ ಎಡಗೈ ತಾಟನ್ನು ಸುತ್ತಿಕೊಂಡಿತು. ಅದು ವಸತಿನಿಲಯದಲ್ಲಿ ಬೆಳೆದ ಕೈ. ಬೇಗ ಮುಗಿಸಿದವನಿಗೆ ಇನ್ನೊಂದು ರೊಟ್ಟಿ, ತಡಮಾಡಿದವನ ತಾಟಿನಲ್ಲಿ ಪಕ್ಕದವನ ಬೆರಳು. ಬೇಗ ಉಂಡು, ಬೇಗ ಓದಿ, ಎಲ್ಲದರಲ್ಲಿಯೂ ಮೊದಲಿಗನಾಗಿ ಅವನು ಇಲ್ಲಿಯವರೆಗೆ ಬಂದಿದ್ದ. ಸಂಘಮಿತ್ರಾ ಪಲ್ಯ ಬಡಿಸುವ ಮೊದಲೇ ರೊಟ್ಟಿ ಮುಗಿದಿತ್ತು.

“ಇದರ ಮುಂದಿನ ಪೋಸ್ಟ್ ಯಾವುದು ಸಂಘಾ?” ಎಂದು ಕೇಳಿದ. ಕೈ ತೊಳೆದವನೇ ಹೊರಬಿದ್ದ.

ಹುಡುಕುತ್ತ ಹೋದಾಗ ಅವನು ಭೂತನಾಳ ಕೆರೆಯ ಒಡ್ಡಿನ ಮೇಲೆ, ಪೇಟವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟಿದ್ದ.

“ಎಲ್ಲಾ ಸಿಕ್ಕೈತಿ. ಉಸರ ಒಂದ ಸಿಗವಲ್ದು,” ಎಂದ.

ಎರಡು ವಾರ ಹಿಂದೆಮುಂದೆ ನೋಡಿ, ಕೊನೆಗೆ ಮುಖಕ್ಕೆ ವಲ್ಲಿ ಸುತ್ತಿಕೊಂಡು, ಸ್ಟೇಷನ್ ರಸ್ತೆಯ ಅರಿವೆ ಅಂಗಡಿಯ ಮೇಲಿನ ಸಾದಿಕನ ಕೋಣೆಗೆ ಹೋದ. ಸಾದಿಕ ಚಹಾ ತರಿಸಿ, ಬಿಸ್ಕೀಟಿನ ತಾಟು ಮುಂದಿಟ್ಟ. ಎಡಗೈ ತಾನೇ ತಾನಾಗಿ ತಾಟಿಗೆ ಬೇಲಿ ಹಾಕಿತು.

“ಸರ್, ಇಲ್ಲಿ ನಿಮ್ಮ ಪಾಲು ಯಾರು ಕಸಗೋತಾರ್ರಿ?”

ಆ ಪ್ರಶ್ನೆಗೆ ದೇವಾನಂದ ಅತ್ತುಬಿಟ್ಟನಂತೆ. ಮನೆಗೆ ಬಂದು ಅವಳಿಗೆ ಹೇಳುವಾಗಲೂ ಅತ್ತ. ಮುಂದೆ ವಾರಕ್ಕೊಮ್ಮೆ ಹೋದ, ಸುಧಾರಿಸಿದ, ಮತ್ತೆ ಕುಸಿದ, ಮತ್ತೆ ಹೋದ. ತನಗೆ ನಿಜಕ್ಕೂ ಹಿಡಿಸುವುದು ಯಾವುದೆಂದು ಯಾರೂ ತನ್ನನ್ನು ಕೇಳಿರಲಿಲ್ಲ, ತಾನೂ ಕೇಳಿಕೊಂಡಿರಲಿಲ್ಲ ಎಂಬುದು ಅವನಿಗೆ ಅಲ್ಲಿ ತಿಳಿಯಿತು. ಹಿಡಿಸುತ್ತಿದ್ದುದು ಮಕ್ಕಳ ಮುಂದೆ ನಿಂಬೆಹಣ್ಣಿಗೆ ತಂತಿ ಚುಚ್ಚಿ ದೀಪ ಹೊತ್ತಿಸುವುದು. ಹುದ್ದೆಯಿಂದ ಕೆಳಗಿಳಿಸಿರೆಂದು ತಾನೇ ಅರ್ಜಿ ಕೊಟ್ಟಾಗ ಕಚೇರಿಯ ಹಿರಿಯ ಬಸಗೊಂಡಪ್ಪ ನಕ್ಕಿದ್ದ: “ಸಾಲಿಗಿ ಹೋಗ್ತಿಯೇನ ಮಾಸ್ತರಾ? ಪಾಟಿಚೀಲಾ ಕೊಡಿಸಲೇನು?”

ಟಿಕೋಟಾಕ್ಕೆ ಹೋದ ಮೇಲೆ ಅವನು ಊಟ ಮಾಡುವುದನ್ನು ಕಲಿತ. ಅವ್ವ ಸಾವಂತ್ರವ್ವನ ಎದುರು ಕುಳಿತು, ಎರಡೂ ಮೊಣಕೈಗಳನ್ನು ತಾಟಿನಿಂದ ದೂರವಿಟ್ಟು, ರೊಟ್ಟಿಯನ್ನು ತುಣುಕು ತುಣುಕಾಗಿ ಮುರಿಯುತ್ತಿದ್ದ. “ಸಾವಕಾಶ ಉಣ್ಣಬೇ ಯವ್ವಾ. ಯಾರೂ ಬೆನ್ನ ಹತ್ತಿಲ್ಲ,” ಎನ್ನುತ್ತಿದ್ದ.

*

ಸುಡುಗಾಡಿನಲ್ಲಿ ಬೌದ್ಧ ಪದ್ಧತಿಯ ತ್ರಿಶರಣ, ಪಂಚಶೀಲದ ಪಠಣ ಮುಗಿಯಿತು. ಗಾಳಿಗೆ ಆರಿದ ಮೇಣದ ಬತ್ತಿಗಳನ್ನು ಮತ್ತೆ ಮತ್ತೆ ಹೊತ್ತಿಸಿದರು. ಚಿತೆಗೆ ಬೆಂಕಿಯಿಟ್ಟ ಮೇಲೆ ವಾಡಿಕೆಯಂತೆ ನುಡಿನಮನದ ಸಭೆ ಕೂಡಿತು. ಮಾತನಾಡುವ ಸರದಿ ಅಲ್ಲಿಯೂ ಹುದ್ದೆಯ ಎತ್ತರದ ಪ್ರಕಾರವೇ ಇರುತ್ತದೆ. ಮೊದಲು ನಿವೃತ್ತ ಅಧಿಕಾರಿ ಬಸಗೊಂಡಪ್ಪ ಎದ್ದ.

“ಬಾಳ ದೊಡ್ಡ ಅಧಿಕಾರಿ. ಇನ್ನೂ ಮ್ಯಾಲ ಹೋಗಾಂವ. ನಡುವ ಆರೋಗ್ಯ ಕೈ ಕೊಟ್ಟಿತು, ನಮ್ಮ ದುರ್ದೈವ...”

“ಯಾವ ಆರೋಗ್ಯ ಬಸಗೊಂಡಪ್ಪನವರ?”

ಹೆಂಗಸರ ಸಾಲಿನಿಂದ ಸಂಘಮಿತ್ರಾ ಎದ್ದು ಬಂದಿದ್ದಳು. ಮೈಕಿಗಾಗಿ ಕೈ ಚಾಚಿದಳು. ಪ್ರತಾಪ ನಡುವೆ ಬಂದ: “ವೈನಿ, ಇದು ಜಗಳದ ಜಾಗಾ ಅಲ್ಲ.”

“ಸುಳ್ಳಿನ ಜಾಗಾನೂ ಅಲ್ಲ. ಅತ್ತಾಗ ಸರಿ.”

ಬಸಗೊಂಡಪ್ಪ ಮೈಕು ಬಿಟ್ಟುಕೊಟ್ಟ.

“ನನ್ನ ಗಂಡನ ಆರೋಗ್ಯ ಕೆಟ್ಟಿದ್ದು ಕುರ್ಚಿ ಬಿಟ್ಟಾಗ ಅಲ್ರಿ, ಕುರ್ಚಿ ಮ್ಯಾಲಿದ್ದಾಗ. ಅಲ್ಲಿ ಬೇಲಿ ಹಂತ್ಯಾಕ ನಿಂತಾರಲ್ಲ, ಸಾದಿಕ ಸರ್, ಅವರ ಹಂತ್ಯಾಕ ಇವರು ಮನಸಿನ ಚಿಕಿತ್ಸಾಕ ಹೋಗ್ತಿದ್ದರು. ವಲ್ಲಿ ಸುತ್ತಿಕೊಂಡು ಹೋಗ್ತಿದ್ದರು, ನಿಮಗ ಅಂಜಿ! ಚಹಾದ ಅಂಗಡ್ಯಾಗ ಕುಂತು, ತಲಿ ತೋರಿಸಾಕ ಹ್ವಾದ ನೋಡು ಅಂತ ನಕ್ಕವರು ಇವತ್ತ ಹಾರ ಹಿಡಕೊಂಡು ಬಂದೀರಿ. ಪೇಟದ ಫೋಟೋ ತೂಗಹಾಕೀರಿ. ಆ ಪೇಟಾ ಸುತ್ತಿದ ದಿನ ಅವರು ಕೆರಿ ಒಡ್ಡಿನ ಮ್ಯಾಲ ಕುಂತಿದ್ದರು. ಸಾವಿನ ಸನೇಕ ಹೋಗಿ ಬಂದ ದಿನದ ಫೋಟೋರೀ ಅದು! ಟಿಕೋಟಾದಾಗ ಅವರು ನಕ್ಕಿದ್ದು ಒಬ್ಬರರೆ ನೋಡೀರೇನು? ಮಾಸ್ತರ್ ಅಂತ ಬರೀಲಿಕ್ಕೆ ನಿಮ್ಮ ಕೈ ಯಾಕ ಏಳಲಿಲ್ಲ?”

ಬಸಗೊಂಡಪ್ಪ ಹೆಗಲ ಮೇಲಿನ ಶಾಲು ಸರಿಪಡಿಸಿಕೊಂಡ. ಟಿಕೋಟಾದ ಹಳೆಯ ವಿದ್ಯಾರ್ಥಿಗಳ ಗುಂಪು ಮಾತ್ರ, ಸರದಿ ಕೇಳದೆ, ಒಬ್ಬೊಬ್ಬರಾಗಿ ಬಂದು ಚಿತೆಯ ಮುಂದೆ ಹೂವಿಟ್ಟು ‘ಸರ್’ ಎಂದಷ್ಟೇ ಹೇಳಿ ಹೋಯಿತು. ಪ್ರತಾಪ ಎಲ್ಲರಿಗಿಂತ ಮೊದಲು ಬೆನ್ನು ತಿರುಗಿಸಿ ಸುಡುಗಾಡು ದಾಟಿದ್ದ.

*

ಒಲೆ ಹೊತ್ತದ ಮನೆಗೆ ನೆರೆಯವರು ರೊಟ್ಟಿ, ಬ್ಯಾಳಿ ತಂದಿಟ್ಟಿದ್ದರು. ಸಾವಂತ್ರವ್ವ ಗೋಡೆಗೆ ಒರಗಿ, ಮಗ ಕಲಿಸಿದಂತೆ, ತುಣುಕು ತುಣುಕಾಗಿ ಮುರಿದು ಅಗಿಯುತ್ತಿದ್ದಳು.

ಪ್ರತಾಪ ಬಂದ. ಯಾರನ್ನೂ ನೋಡದೆ ತಾಟು ತೆಗೆದುಕೊಂಡು ಮೂಲೆಯಲ್ಲಿ ಕುಳಿತ. ಅವನೂ ಅದೇ ವಸತಿನಿಲಯದಲ್ಲಿ ಬೆಳೆದವನು, ಅಣ್ಣ ಬಿಟ್ಟ ಹುದ್ದೆಗೆ ಏರಲು ಇಲಾಖೆಯ ಪರೀಕ್ಷೆಗೆ ಓದುತ್ತಿದ್ದವನು. ಸಂಘಮಿತ್ರಾಳ ನಾಲಗೆಯ ಮೇಲೆ ಇನ್ನೂ ಒಂದು ಮಾತು ಉಳಿದಿತ್ತು. ಅದನ್ನು ಆಡಿಯೇ ಬಿಡುವೆನೆಂದು ಅವನತ್ತ ಹೊರಳಿದವಳ ಕಣ್ಣು ಅವನ ತಾಟಿನ ಮೇಲೆ ನಿಂತಿತು.

ಪ್ರತಾಪನ ಎಡಗೈ ತಾಟನ್ನು ಸುತ್ತಿಕೊಂಡಿತ್ತು. ಕಣ್ಣೀರು ಗಲ್ಲದಿಂದ ಇಳಿಯುವುದಕ್ಕೂ ಬಿಡುವಿಲ್ಲದಂತೆ ಅವನು ಗಬಗಬನೆ ನುಂಗುತ್ತಿದ್ದ. ಆ ಮೂಲೆಯಲ್ಲಿ ಅವನ ಹೊರತು ಯಾರೂ ಇರಲಿಲ್ಲ.

“ಸಾವಕಾಶಪಾ,” ಎಂದು ಸಾವಂತ್ರವ್ವ ಕುಳಿತಲ್ಲಿಂದಲೇ ತೆವಳುತ್ತ ಹತ್ತಿರ ಹೋಗಿ, ತನ್ನ ಪಾಲಿನ ಅರ್ಧ ರೊಟ್ಟಿಯನ್ನು ಆ ತೋಳಿನ ಮೇಲಿಂದ ಅವನ ತಾಟಿಗೆ ಇಡಹೋದಳು.

ತಾಟಿನತ್ತ ಬಂದ ಕೈ ಯಾರದೆಂದು ನೋಡದೆ, ತೋಳು ಇನ್ನಷ್ಟು ಬಿಗಿಯಾಯಿತು.