ಗಡಿಯಲ್ಲಿ ಸಿಕ್ಕಿಕೊಂಡ ಹೆಸರು

ಗುಲಾಬಿ ಬಣ್ಣದ ರಬ್ಬರ್ ಕೊಕ್ಕರೆ ವ್ಯಾನಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನನ್ನನ್ನೇ ನೋಡುತ್ತಿದೆ, ಅದನ್ನೂ ಗಡಿ ದಾಟಲು ಬಿಟ್ಟರು, ಗಾಳಿ ತುಂಬಿದ ಹಕ್ಕಿಗೆ ಯಾವ ಕಾಗದವೂ ಬೇಡ, ಅದರ ಮೂಗಿಗೆ ಯಾರೂ ಕಡ್ಡಿ ತೂರಿಸುವುದಿಲ್ಲ, ಸಮುದ್ರಕ್ಕೆ ಹೊರಟವರ ಮಕ್ಕಳು ಮನೆಯಲ್ಲೇ ಊದಿ ತಂದಿದ್ದಾರೆ, ನಮ್ಮೂರು ಲೆಸ್ಕೋವಾತ್ಸ್‌ನಿಂದ ಇಲ್ಲಿಯವರೆಗೆ ಅದರ ಬಾಲ ನನ್ನ ಕಿವಿಗೆ ಉಜ್ಜುತ್ತಲೇ ಬಂತು, ಈಗ ಅದು ಗ್ರೀಸಿನಲ್ಲಿದೆ, ವ್ಯಾನು ಗ್ರೀಸಿನಲ್ಲಿದೆ, ಡ್ರೈವರ್ ಗ್ವೋಜ್ದೆನ್ ಗ್ರೀಸಿನ ನೆರಳಿನಲ್ಲಿ ನಿಂತು ಸಿಗರೇಟು ಸೇದುತ್ತಿದ್ದಾನೆ, ನನ್ನ ಹೆಂಡತಿ ದೆಸಾಂಕಾ ಗ್ರೀಸಿನಲ್ಲಿದ್ದಾಳೆ, ನಾನೊಬ್ಬ ಮಾತ್ರ ಈಚೆಗೆ, ಕೆಂಪು ಬಿಳಿ ಪಟ್ಟೆಯ ತಡೆಗೋಲಿನ ಈಚೆಗೆ, ಲಸಿಕೆ ಹಾಕಿಸಿಕೊಳ್ಳದವರ ಸಾಲಿನಲ್ಲಿ, ಈ ಜುಲೈ ಬಿಸಿಲಿನಲ್ಲಿ ಉಣ್ಣೆಯ ಕೋಟು ಹಾಕಿಕೊಂಡು, ಯಾಕೆಂದರೆ ನಾನು ಕೂಮ್, ಬರೀ ಅಂಗಿಯಲ್ಲಿ ಹೋದರೆ ಕೂಮ್‌ಗೆ ಏನು ಮರ್ಯಾದೆ, ಮದುವೆಯಲ್ಲಿ ವರನ ಪಕ್ಕ ನಿಂತವನು, ಅವರಿಗೆ ಮಗು ಹುಟ್ಟಿದರೆ ಚರ್ಚಿನಲ್ಲಿ ಎತ್ತಿಕೊಂಡು ಹೆಸರಿಡಬೇಕಾದವನು, ಇವತ್ತೇ ಇಡಬೇಕಾದವನು — ಮುಂದೆ ಹೋಗಜ್ಜ, ಸಾಲು ಸರಿದಿದೆ — ಅಜ್ಜನಂತೆ, ಯಾರೋ ಅಜ್ಜ, ಹಿಂದೆ ನಿಂತ ಗಡ್ಡದವನು ಮಾಸ್ಕನ್ನು ಬಾಯಿಗೆ ಹಾಕಿಲ್ಲ, ಗಡ್ಡಕ್ಕೆ ಹಾಕಿದ್ದಾನೆ, ಗಡ್ಡಕ್ಕೆ ಸೋಂಕು ತಗಲಬಾರದಲ್ಲ, ಸರಿದೆ ಕಣಪ್ಪ ಸರಿದೆ, ಒಂದೇ ಒಂದು ಹೆಜ್ಜೆ, ಅದಕ್ಕೇ ಇಷ್ಟು ಸಂಭ್ರಮ.

ದೆಸಾಂಕಾ ಆ ಬಿಳಿ ಬಟ್ಟೆಯನ್ನು ಇನ್ನೂ ಕೆಳಗಿಟ್ಟಿಲ್ಲ, ಎರಡೂ ತೋಳಿನ ಮೇಲೆ ಹಾಸಿಕೊಂಡು ನಿಂತಿದ್ದಾಳೆ, ಹೆಸರಿಡುವಾಗ ಪಾದ್ರಿ ನೀರಿನಲ್ಲಿ ಮುಳುಗಿಸಿ ಎತ್ತಿದ ಮಗುವನ್ನು ಸುತ್ತುವುದಕ್ಕೆ ತಾನೇ ಅಂಚು ಹೊಲಿದದ್ದು, ವ್ಯಾನಿನ ಸೀಟಿನ ಮೇಲಿಡು ಮಾರಾಯ್ತಿ ಅಂದರೆ, ಅಲ್ಲಿ ಆ ಹುಡುಗ್ರು ಕಲ್ಲಂಗಡಿ ತಿಂದಿದ್ದಾರೆ, ನಿನ್ನ ಕೋಟು ಬೇಕಾದ್ರೆ ಇಡು ಅಂದಳು, ಅವಳು ಎರಡೂ ಸೂಜಿ ಚುಚ್ಚಿಸಿಕೊಂಡಿದ್ದಾಳೆ, ಫೋನು ತೋರಿಸಿದಳು, ಯಂತ್ರ ಟಿಂಗ್ ಎಂದಿತು, ರಾಣಿಯ ಹಾಗೆ ನಡೆದುಹೋದಳು, ನನ್ನ ಸರದಿ ಬಂತು, ನಾನು ಕಾಗದ ಕೊಟ್ಟೆ, ಮೂಗಿಗೆ ಕಡ್ಡಿ ಹಾಕಿಸಿಕೊಂಡು, ಕಣ್ಣೀರು ಸುರಿಸಿ, ಸೋಂಕಿಲ್ಲ ಎಂದು ಬರೆಸಿಕೊಂಡು ತಂದ ಕಾಗದ, ಲಸಿಕೆ ಇಲ್ಲದವರಿಗೆ ಅದೇ ನಿಯಮ, ನಿಯಮದ ಪ್ರಕಾರವೇ ನಾನು ಬಂದದ್ದು, ಲ್ಯಾಬಿನ ಹುಡುಗಿ ಕೇಳಿದ್ದಳು, ಇಂಗ್ಲಿಷಲ್ಲಿ ಬೇಕಾ, ನಮ್ಮ ಭಾಷೇಲಿ ಬೇಕಾ ಚಿಕ್ಕಪ್ಪಾ — ನಮ್ಮದರಲ್ಲೇ ಕೊಡಮ್ಮ, ಗ್ರೀಕರೇನು ಪರಕೀಯರಾ, ನಮ್ಮ ಧರ್ಮದವರೇ, ನಮ್ಮ ಅಕ್ಷರ ಹುಟ್ಟಿದ್ದೇ ಅವರ ಅಕ್ಷರದಿಂದ, ಓದ್ಕೋತಾರೆ ಬಿಡು — ಎಂತಹ ಬೆಪ್ಪುತಕ್ಕಡಿ ನಾನು, ಇಲ್ಲಿ ಗಡಿಯ ಗಾಜಿನ ಹಿಂದಿನ ಹುಡುಗಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿದಳು, ಇಂಗ್ಲಿಷಿನಲ್ಲಿ ಇಲ್ಲ ಅಂದಳು, ನಾನು ಟೋಪಿ ತೆಗೆದು ಹಣೆಗೆ, ಹೊಟ್ಟೆಗೆ, ಬಲಭುಜಕ್ಕೆ, ಎಡಭುಜಕ್ಕೆ ಶಿಲುಬೆ ಹಾಕಿಕೊಂಡು ತೋರಿಸಿದೆ, ನೋಡಮ್ಮ, ನಿಮ್ಮ ಹಾಗೇ, ಅವಳೂ ಪಾಪ ಭಕ್ತಿಯಿಂದ ಶಿಲುಬೆ ಹಾಕಿಕೊಂಡಳು, ಆಮೇಲೆ ಮತ್ತೆ ಅಂದಳು, ಇಂಗ್ಲಿಷಿನಲ್ಲಿ ಇಲ್ಲ. ಅದಕ್ಕೇ ಈ ಸಾಲು, ತಡೆಗೋಲಿನ ಈಚೆಯ ಬಿಳಿ ಡಬ್ಬಿಯಂಥ ಕೋಣೆಯಲ್ಲಿ ಮತ್ತೆ ಕಡ್ಡಿ ಹಾಕಿಸಿಕೊಂಡು ಇಂಗ್ಲಿಷ್ ಕಾಗದ ತರಬೇಕು.

ಮೂಗಿಗೆ ಕಡ್ಡಿ ಹಾಕಲಿ, ಎಷ್ಟು ಬೇಕಾದರೂ ಹಾಕಲಿ, ಕಡ್ಡಿಗೆ ನಾನು ಹೆದರುವವನಲ್ಲ — ಆ ಗಡ್ಡದವನು ಬೆನ್ನು ತಟ್ಟುತ್ತಿದ್ದಾನೆ, ನೀವೂ ಹಾಕಿಸ್ಕೊಂಡಿಲ್ಲ ಅಲ್ವಾ ಅಜ್ಜ, ಭೇಷ್, ನಿಮ್ಮಂಥ ಗಂಡಸರು ಇನ್ನೂ ಇದ್ದಾರಲ್ಲ, ಅವರ ಮುಂದೆ ಬಗ್ಗಬಾರದು — ಬಗ್ಗಿಲ್ಲ ಮಗನೇ, ಬಗ್ಗಿಲ್ಲ, ಎದೆ ಮುಂದೆ ಮಾಡಿ ನಿಲ್ಲುತ್ತೇನೆ, ಯಾರ ಮುಂದೆ ಎಂದು ಕೇಳುವುದಿಲ್ಲ, ಊರಿನಲ್ಲೂ ಇದೇ ಆಯಿತು, ಹೋಟೆಲಿನಲ್ಲಿ ಎರಡು ಲೋಟ ರಾಕಿಯಾ ಒಳಗೆ ಹೋದ ಮೇಲೆ ನನ್ನ ಮೈ ನನ್ನಿಷ್ಟ ಅಂದುಬಿಟ್ಟೆ, ಮೇಜು ಕುಟ್ಟಿ ಚಪ್ಪಾಳೆ ಹೊಡೆದರು, ಮಾರನೆಯ ವಾರ ನೀಶ್ ಪಟ್ಟಣದಿಂದ ಇಬ್ಬರು ಬಂದು ಲಸಿಕೆ ಬೇಡ ಅನ್ನುವವರ ಸಭೆಯಲ್ಲಿ ಭಾಷಣ ಮಾಡಬೇಕು ಅಂದರು, ದೆಸಾಂಕಾ ಅವರಿಗೆ ಕಾಫಿ ಕೊಟ್ಟು, ಹೌದಪ್ಪ, ನಮ್ಮವನು ತತ್ವದ ಮನುಷ್ಯ, ಒಂದ್ಸಲ ಹಿಡಿದ್ರೆ ಬಿಡೋನಲ್ಲ ಅಂದಳು, ಮುಖ ಮಾತ್ರ ಒಲೆಯ ಕಡೆಗಿತ್ತು, ಅವಳ ಭುಜ ಕುಲುಕುತ್ತಿತ್ತು. ತತ್ವವಂತೆ, ಮಣ್ಣು, ಸೂಜಿ ಕಂಡರೆ ನನಗೆ ಜೀವ ಬಾಯಿಗೆ ಬರುತ್ತದೆ, ಇದಿಷ್ಟೇ ವಿಷಯ, ಸಿಡುಬು ಬಂದ ವರ್ಷ ದೇಶಕ್ಕೆ ದೇಶವೇ ಅಂಗಿಯ ತೋಳು ಮಡಚಿಕೊಂಡು ಸಾಲು ನಿಂತಿತ್ತು, ನಾನು ಶಾಲೆಯ ಮೊಗಸಾಲೆಯಲ್ಲಿ ನಿಂತಿದ್ದೇನೆ, ಮುಂದಿನ ಹುಡುಗನ ತೋಳಿಗೆ ಚುಚ್ಚುತ್ತಾರೆ, ನಾನು ಬೀಳುತ್ತೇನೆ, ಬಿದ್ದಲ್ಲೇ ನನಗೂ ಹಾಕಿ ಹೋದರು, ಅದೊಂದೇ ನನ್ನ ಜೀವನದಲ್ಲಿ ಸುಖವಾಗಿ ಹಾಕಿಸಿಕೊಂಡ ಲಸಿಕೆ, ಈ ಸಲವೂ ಹೋಗಿದ್ದೆನಲ್ಲ, ದೆಸಾಂಕಾ ಕೈ ಹಿಡಿದುಕೊಂಡೇ ಕರೆದುಕೊಂಡು ಹೋದಳು, ನರ್ಸು ಕೇಳಿದಳು, ಯಾವುದು ಬೇಕು, ರಷ್ಯಾದ್ದಿದೆ, ಚೀನಾದ್ದಿದೆ, ಅಮೆರಿಕದ್ದಿದೆ, ಹೋಟೆಲಿನಲ್ಲಿ ತಿಂಡಿ ಏನೇನಿದೆ ಎಂದು ಹೇಳಿದ ಹಾಗೆ, ಸ್ವಲ್ಪ ಯೋಚನೆ ಮಾಡಿ ಹೇಳ್ತೀನಮ್ಮ ಅಂದು ಹೊರಗೆ ಬಂದೆ, ಇನ್ನೂ ಯೋಚನೆ ಮಾಡುತ್ತಿದ್ದೇನೆ. ಜೇನು ಸಾಕುವವನು ನೀನು, ದಿನಾ ಕಚ್ಚಿಸ್ಕೋತೀಯ, ಜೇನಿಗೆ ಇರೋದು ಸೂಜಿ ಅಲ್ವೇನೋ ಅನ್ನುತ್ತಾಳೆ, ಅವಳಿಗೇನು ಗೊತ್ತು, ಜೇನು ಮೊದಲು ಹತ್ತಿ ಒರೆಸುವುದಿಲ್ಲ, ಸೂಜಿ ಮೇಲೆತ್ತಿ ಉಗುರಿನಿಂದ ಟಕ್ ಟಕ್ ಎಂದು ತಟ್ಟಿ ತುದಿಯಲ್ಲಿ ಒಂದು ಹನಿ ತರಿಸುವುದಿಲ್ಲ, ಏನೂ ಆಗಲ್ಲ ಚಿಕ್ಕಪ್ಪಾ ಎಂದು ನಗುವುದಿಲ್ಲ, ಬಂತು, ಕಚ್ಚಿತು, ಸತ್ತಿತು, ಅದು ಮರ್ಯಾದಸ್ಥ ಪ್ರಾಣಿ.

ಜೇಬಿನಲ್ಲಿ ಫೋನು ಗುರ್ ಗುರ್ ಎನ್ನುತ್ತಿದೆ, ತಿಹೋಮಿರ್‌ದೇ, ಮಗುವಿನ ಅಪ್ಪ, ಅವನ ಮದುವೆಯಲ್ಲಿ ಪಕ್ಕ ನಿಂತವನು ನಾನು, ಅವನಪ್ಪನ ಮದುವೆಯಲ್ಲಿ ನಮ್ಮಪ್ಪ, ಅವನಜ್ಜನ ಮದುವೆಯಲ್ಲಿ ನಮ್ಮಜ್ಜ, ಅವರ ಮನೆಯ ಒಂದು ಮಗುವಿಗೂ ಬೇರೆಯವರು ಹೆಸರಿಟ್ಟಿಲ್ಲ — ಕೂಮಾ, ಎಲ್ಲಿದ್ದೀರಾ, ಪಾದ್ರಿ ಬಂದ್ಬಿಟ್ರು, ಇನ್ನೊಂದು ಮನೆಯವರು ಕಾಯ್ತಿದ್ದಾರೆ, ನಮ್ಮದು ಮುಗಿಸಿದ್ರೆ ಅವರದು — ಗ್ರೀಸಿನ ಸೋಲುನ್ ಪಟ್ಟಣದ ಚರ್ಚಿನಲ್ಲಿ ಗಂಟೆ ಹೊಡೆಯುವುದು ಫೋನಿನಲ್ಲಿ ಕೇಳುತ್ತದೆ, ಇದೋ ಬಂದೆ ಮಗಾ, ಗಡಿಯಲ್ಲೇ ಇದ್ದೀನಿ, ಮುಂದೆ ಇನ್ನು ಕೆಲವರಷ್ಟೇ ಇದ್ದಾರೆ — ಆಗ್ಲಿಲ್ಲ ಅಂದ್ರೆ ಕೂಮಾ, ಬೇಜಾರು ಮಾಡ್ಕೋಬೇಡಿ, ಫೊತಿನಿಯ ಸೋದರಮಾವ ಇಲ್ಲೇ ಇದ್ದಾರೆ, ನಿಲ್ತೀನಿ ಅಂತಿದ್ದಾರೆ — ನಿಲ್ಲುತ್ತಾನೆ, ನಿಲ್ಲದೆ ಏನು, ಇವನ ಹೆಂಡತಿಯ ಆ ಸೋದರಮಾವ ತ್ರಾಸಿವುಲೋಸ್, ಹೆಸರು ಹೇಳುವಷ್ಟರಲ್ಲಿ ಹಲ್ಲು ಉದುರುತ್ತದೆ, ಉದುರಿದರೂ ಅವನಿಗೇ ಲಾಭ, ಹಲ್ಲಿನ ಡಾಕ್ಟರು, ಮನುಷ್ಯರ ಒಸಡಿಗೆ ಸೂಜಿ ಚುಚ್ಚುವುದೇ ಅವನ ಹೊಟ್ಟೆಪಾಡು, ಮದುವೆಯ ದಿನ ನನ್ನ ಪಕ್ಕ ಕೂತು ಊಟದ ನಡುವೆ ಬಾಯಿ ತೆಗೀರಿ ನೋಡೋಣ ಅಂದಿದ್ದ, ಅವನ ಕೈಗೆ ಮಗು ಹೋದರೆ ಅವನಮ್ಮನ ಹೆಸರಿಡುತ್ತಾನೆ, ಪೋಲಿಕ್ಸೇನಿ, ನಮ್ಮ ತಿಹೋಮಿರನ ಮಗಳು ಪೋಲಿಕ್ಸೇನಿ, ಇಲ್ಲ, ನನ್ನ ಹೆಣ ಬಿದ್ದರೂ ಇಲ್ಲ, ಹೆಸರು ನನ್ನ ಹತ್ತಿರ ಇದೆ, ಯಾರಿಗೂ ಹೇಳಿಲ್ಲ, ಪಾದ್ರಿ ಕೇಳುವವರೆಗೆ ಅಪ್ಪ ಅಮ್ಮನಿಗೂ ಗೊತ್ತಾಗಬಾರದು, ಅದೇ ಪದ್ಧತಿ, ಜೇನು ಪೆಟ್ಟಿಗೆಗಳ ನಡುವೆ ಒಬ್ಬನೇ ಇರುವಾಗಲೂ ನಾನು ಅದನ್ನು ಬಾಯಿಬಿಟ್ಟು ಅಂದಿಲ್ಲ, ಈಗಲೂ ಮನಸ್ಸಿನಲ್ಲಿ ಅನ್ನುವುದಿಲ್ಲ, ಬೇರೆ ಏನಾದರೂ ಯೋಚಿಸಬೇಕು, ಸೈತಾನನನ್ನು ಯೋಚಿಸುತ್ತೇನೆ, ಚರ್ಚಿನಲ್ಲಿ ಕೂಮ್ ಪಶ್ಚಿಮಕ್ಕೆ ತಿರುಗಿ ಸೈತಾನನ ಮುಖಕ್ಕೆ ಉಗಿಯಬೇಕು, ಈ ರೋಗದ ಕಾಲದಲ್ಲಿ ಹೇಗಪ್ಪ ಎಂದು ಮೊನ್ನೆ ತಿಹೋಮಿರನನ್ನು ಕೇಳಿದ್ದೆ, ಮಾಸ್ಕ್ ಹಾಕ್ಕೊಂಡೇ ಉಗಿದ ಹಾಗೆ ಮಾಡಿದ್ರೆ ಸಾಕಂತೆ ಕೂಮಾ, ಸೈತಾನನಿಗೆ ಅರ್ಥ ಆಗುತ್ತಂತೆ, ಪಾದ್ರಿ ಹೇಳಿದ್ರು ಅಂದ.

ದೆಸಾಂಕಾ ಪೊಲೀಸಿನವನ ಹತ್ತಿರ ಹೋಗುತ್ತಿದ್ದಾಳೆ, ಬೇಡ ಕಣೇ, ಬಟ್ಟೆಯ ಮೂಲೆಗಳನ್ನು ಒಳಗೆ ಮಡಚಿಕೊಂಡಳು, ಧೂಳು ಬೀಳಬಾರದೆಂದು, ಎದೆಗೆ ಒತ್ತಿಕೊಂಡು ಅವನ ಮುಂದೆ ನಿಂತಳು, ಅವನಿಗೆ ನಮ್ಮ ಭಾಷೆ ಸ್ವಲ್ಪ ಬರುತ್ತದೆ, ದಿನಾ ನಮ್ಮವರನ್ನೇ ತಡೆದು ತಡೆದು ಕಲಿತಿರಬೇಕು — ಸಾಹೇಬ್ರೇ, ಅವನನ್ನ ಬಿಟ್ಬಿಡಿ, ಅವನೇ ಕೂಮ್, ಮಗು ಕಾಯ್ತಿದೆ — ನಿಯಮ ಇದೆಯಮ್ಮ, ಲಸಿಕೆ ವಿರೋಧಿಗಳಿಗೆ ನಾವು ಏನೂ ಮಾಡಕ್ಕಾಗಲ್ಲ — ವಿರೋಧಿಯಾ, ಯಾರು ವಿರೋಧಿ, ಅಯ್ಯೋ ಅವನೆಲ್ಲಿ ವಿರೋಧಿ ಸಾಹೇಬ್ರೇ, ಪುಕ್ಕಲ ಅವನು, ಸೂಜಿ ಕಂಡ್ರೆ ದೊಪ್ ಅಂತ ಬಿದ್ದುಹೋಗ್ತಾನೆ, ಹಂದಿಗೆ ಲಸಿಕೆ ಹಾಕಕ್ಕೆ ಪಶುವೈದ್ಯ ಬಂದ್ರೂ ಇವನು ಅಟ್ಟ ಹತ್ತುತಾನೆ! — ಅವಳ ಗಂಟಲು, ದೇವರೇ, ಆ ಗಂಟಲಿಗೆ ಎರಡು ದೇಶ ಸಾಲದು, ಸಾಲಿಗೆ ಸಾಲೇ ತಿರುಗಿ ನನ್ನನ್ನು ನೋಡಿತು, ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ, ಪೊಲೀಸಿನವನೂ ಬೆನ್ನು ತಿರುಗಿಸಿಕೊಂಡು ನಕ್ಕ, ವ್ಯಾನಿನ ಮಕ್ಕಳು ಕೊಕ್ಕರೆಯ ಕತ್ತು ಹಿಡಿದು ಕುಣಿಸಿದವು, ಗಡ್ಡದವನು ನನ್ನ ಬೆನ್ನಿನ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದುಕೊಂಡ. ಮಾನ ಮೂರಾಬಟ್ಟೆಯಾಯಿತು, ಗ್ವೋಜ್ದೆನ್ ಈ ರಾತ್ರಿಯೇ ಊರಿಗೆ ಫೋನು ಮಾಡುತ್ತಾನೆ, ಆದರೂ ಒಂದು ಹೇಳಲೇಬೇಕು, ಇಷ್ಟು ತಿಂಗಳು ಅವಳು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ, ಅವಳಕ್ಕನ ಹತ್ತಿರವೂ ತತ್ವ ತತ್ವ ಎಂದೇ ಹೇಳಿಕೊಂಡು ಬಂದಳು, ಇವತ್ತು ಮಗುವಿಗೋಸ್ಕರ ಬಾಯಿಬಿಟ್ಟಳು.

ಬಂತು ನನ್ನ ಸರದಿ, ತಲೆಯಿಂದ ಕಾಲಿನವರೆಗೆ ಬಿಳಿ ಉಡುಪಿನೊಳಗೆ ಎರಡು ಕಣ್ಣು, ತಲೆ ಹಿಂದಕ್ಕೆ ಹಾಕಿ ಅಜ್ಜ, ಕಣ್ಣು ಮುಚ್ಚಿ, ಕಡ್ಡಿ ಮೂಗಿನಲ್ಲಿ ಹೊಕ್ಕು ಎಲ್ಲೋ ಹಳೆಯ ನೆನಪುಗಳನ್ನೆಲ್ಲ ಕೆದಕಿ ಹೊರಗೆ ಬಂತು, ಸೀನು, ಕಣ್ಣೀರು, ಕಾಗದ ಕೊಡಮ್ಮ, ಇಂಗ್ಲಿಷಲ್ಲಿ ಕೊಡು, ದೊಡ್ಡ ಅಕ್ಷರದಲ್ಲಿ ಕೊಡು — ಈಗಲೇ ಎಲ್ಲಿ ಅಜ್ಜ, ಬಿಸಿಲಿಗೆ ಮಿಷನ್ ನಿಂತುಹೋಗಿದೆ, ರಿಪೋರ್ಟ್ ಸಂಜೆಗೆ — ಸಂಜೆಗೆ, ಸಂಜೆಗೆ ಮಗುವಿಗೆ ಹೆಸರಿಟ್ಟು, ಕುರಿ ಸುಟ್ಟು, ತಿಂದು, ತ್ರಾಸಿವುಲೋಸ್ ಕುಣಿದೂ ಆಗಿರುತ್ತದೆ, ಕಂಬ ಹಿಡಿದುಕೊಂಡೆ, ಗ್ವೋಜ್ದೆನ್ ಹಾರ್ನ್ ಒತ್ತುತ್ತಿದ್ದಾನೆ, ರಾದಿವೋಯೆ ಅಣ್ಣಾ, ಇನ್ನು ಆಗಲ್ಲ, ಇವರೆಲ್ಲ ಸಮುದ್ರಕ್ಕೆ ದುಡ್ಡು ಕೊಟ್ಟಿದ್ದಾರೆ, ಅಕ್ಕನ್ನ ಚರ್ಚಿನ ಬಾಗಿಲಿಗೇ ಬಿಡ್ತೀನಿ, ಈಗ ಹೊರಟ್ರೆ ಮುಟ್ಟಿಸ್ತೀನಿ — ದೆಸಾಂಕಾ ತಡೆಗೋಲಿನ ಹತ್ತಿರಕ್ಕೇ ಬಂದಿದ್ದಾಳೆ, ಕೇಳ್ತಾ ರಾದೆ, ನಿನ್ನ ಬದಲು ನಾನೇ ನಿಲ್ತೀನಿ, ಕೂಮನ ಹೆಂಡ್ತಿ ನಿಲ್ಲಬಹುದು, ಹೆಸರು ಹೇಳು — ಹೇಳಲ್ಲ — ಹೇಳೋ — ಹೇಳಬಾರದು ಕಣೇ, ನಿನಗಂತೂ ಹೇಳಬಾರದು — ನನಗಂತೂ ಅಂದ್ರೇನು, ಗೊತ್ತು ಬಿಡು, ಸ್ತಾನಾ ತಾನೆ, ನಿಮ್ಮಮ್ಮನ ಹೆಸರು, ಇನ್ಯಾವುದು ಇಡ್ತೀಯ ನೀನು, ನಾನೇನು ಬೇಡ ಅಂತೀನಾ, ಸ್ತಾನಾ ಅಂತಲೇ ಹೇಳ್ತೀನಿ, ನನ್ನ ಬಾಯೇನು ಸವೆಯಲ್ಲ.

ಸ್ತಾನಾ, ನಮ್ಮಮ್ಮ, ಮಣ್ಣಾಗಿ ವರ್ಷಗಳಾದವು, ಹಬ್ಬದ ದಿನ ನೆಂಟರೆಲ್ಲ ಕೂತಾಗ, ಬೇಯಿಸಿದ ಗೋಧಿಯ ತಟ್ಟೆ ಹಿಡಿದು ದೆಸಾಂಕಾ ಒಬ್ಬೊಬ್ಬರ ಮುಂದೆ ಬರುವಾಗ, ಸೊಸೆ ಕೆಲಸದವಳೇ, ಒಂದು ಮಗು ಮಾತ್ರ ಆಗಲ್ಲ ಅವಳಿಗೆ, ಏನು ಮಾಡೋದು, ನಮ್ಮ ಹಣೆಬರಹ ಅನ್ನುತ್ತಿದ್ದಳು, ಪ್ರತಿ ವರ್ಷ, ಅದೇ ತಟ್ಟೆಯ ಮುಂದೆ, ದೆಸಾಂಕಾ ನಕ್ಕು ಮುಂದಿನವರಿಗೆ ತಟ್ಟೆ ಒಡ್ಡುತ್ತಿದ್ದಳು, ನಾನು ನನ್ನ ಲೋಟ ನೋಡುತ್ತಿದ್ದೆ, ಆ ಹೆಸರನ್ನು ಇವಳು ಚರ್ಚಿನಲ್ಲಿ ಎಲ್ಲರೆದುರು ಹೇಳುವುದಾ, ಮಗುವನ್ನು ತೋಳಿನಲ್ಲಿ ಹಿಡಿದುಕೊಂಡು, ನನಗೋಸ್ಕರ, ಅಯ್ಯೋ ದಡ್ಡಿ, ನಾನು ಅಂದುಕೊಂಡದ್ದು ಅದಲ್ಲ, ತಿಹೋಮಿರ್ ಫೋನಿನಲ್ಲಿ ಹೆಣ್ಣುಮಗು ಕೂಮಾ ಅಂದ ಗಳಿಗೆಯಲ್ಲೇ ನಿಶ್ಚಯವಾಗಿತ್ತು, ನಮಗೆ ಮಕ್ಕಳಿಲ್ಲ, ಮೊಮ್ಮಕ್ಕಳಿಲ್ಲ, ಇವಳು ಹೋದ ಮೇಲೆ ಇವಳ ಹೆಸರನ್ನು ಯಾರು ಇಟ್ಟುಕೊಂಡಿರುತ್ತಾರೆ, ಪಾದ್ರಿ ಕೇಳುತ್ತಾನೆ, ನಾನು ಹೇಳುತ್ತೇನೆ, ದೆಸಾಂಕಾ ಅನ್ನುತ್ತೇನೆ, ಹೇಳಿ ಹಿಂದಕ್ಕೆ ತಿರುಗಿ ಅವಳ ಮುಖ ನೋಡುತ್ತೇನೆ, ಅಷ್ಟೇ, ಅದಕ್ಕೇ ಈ ಕೋಟು, ಅದಕ್ಕೇ ಈ ಕಡ್ಡಿ, ಅಷ್ಟು ನೋಡುವುದಕ್ಕೆ, ಈಗ ಒಂದು ಸೂಜಿಯ ಹೆದರಿಕೆಗೆ ಅದೂ ಇಲ್ಲವಾಯಿತು, ಥೂ ನನ್ನ ಜನ್ಮಕ್ಕೆ, ಅವಳು ತಿರುಗಿ ಹೊರಟಳು, ಬಟ್ಟೆಯನ್ನು ಮತ್ತೆ ತೋಳಿನ ಮೇಲೆ ಸರಿಮಾಡಿಕೊಂಡಳು, ಒಳಗೆ ಕೂಸು ಮಲಗಿದೆ ಅನ್ನುವ ಹಾಗೆ ಒಂದು ಕೈ ಕೆಳಗೆ, ಒಂದು ಕೈ ಮೇಲೆ, ವ್ಯಾನಿನ ಬಾಗಿಲು ತೆರೆಯಿತು, ನಿಲ್ಲು, ನಿಲ್ಲೇ.

ಸ್ತಾನಾ ಅಲ್ಲ ಕಣೇ, ಕೂಗಿಯೇಬಿಟ್ಟೆ, ಮಾಸ್ಕ್ ಕಿತ್ತು ಕೂಗಿದೆ, ನಿನ್ನ ಹೆಸರು, ಮಗುವಿಗೆ ನಿನ್ನ ಹೆಸರೇ ಇಡು, ನಾನು ಅಂದುಕೊಂಡಿದ್ದೇ ಅದು, ದೇವರಾಣೆ ಅದೇ, ಬೇರೆ ಯಾರ ಹೆಸರೂ ಅಲ್ಲ, ನಿನ್ನದು — ಗಾಜಿನ ಹಿಂದಿನ ಹುಡುಗಿ ತಲೆಯೆತ್ತಿದಳು, ಗಡ್ಡದವನು ಹಿಂದಿನಿಂದ, ಮಗು ಚೆನ್ನಾಗಿ ಬಾಳಲಿ ಅಜ್ಜ ಅಂದ, ಗ್ವೋಜ್ದೆನ್ ಹಾರ್ನಿನಿಂದ ಕೈ ತೆಗೆದ, ದೆಸಾಂಕಾ ವ್ಯಾನಿನ ಬಾಗಿಲಲ್ಲೇ ತಿರುಗಿದಳು, ಏನಾದರೂ ಅನ್ನು, ಬೈಯೋದಾದ್ರೂ ಬೈ, ಪುಕ್ಕಲ ಅನ್ನು, ಮಾಸ್ಕಿನ ಮೇಲೆ ಬರೀ ಎರಡು ಕಣ್ಣು, ನನ್ನ ಕಡೆಗೇ, ಚರ್ಚಿನಲ್ಲಿ ನೋಡಬೇಕೆಂದುಕೊಂಡ ಮುಖ ಅರ್ಧ ಮುಚ್ಚಿಕೊಂಡು ಬಿಸಿಲಿನಲ್ಲಿ ನಿಂತಿದೆ, ತೋಳು ಸಡಿಲವಾಗಿದೆ, ಬಟ್ಟೆ ಜಾರಿದೆ, ಒಂದು ಮೂಲೆ ನೆಲ ಮುಟ್ಟಿದೆ, ಡೀಸೆಲ್ ಎಣ್ಣೆಯ ಕಲೆ ಇದೆ ಅಲ್ಲಿ, ಎತ್ತಿಕೋ ಕಣೇ, ಧೂಳಿನಲ್ಲಿ ಬಟ್ಟೆ, ಬಿಳಿ ಬಟ್ಟೆ, ನೆಲದ ಮೇಲೆ, ಅವಳು ಎತ್ತಿಕೊಳ್ಳುತ್ತಿಲ್ಲ —